ಹತ್ತು ವರ್ಷ ತುಂಬಿತು, ಅಕ್ಕೋರೆ

ನಮ್ಮ ಮಾಸಪತ್ರಿಕೆಗೆ ಈ ತಿಂಗಳಿಗೆ ಹತ್ತು ವರ್ಷ ತುಂಬಿತು. ಧಾರವಾಡದ ಒಂದು ಬಾಡಿಗೆ ಮನೆಯ ಹೊರಗಿನ ಕೋಣೆಯಿಂದ ಹೊರಡುವ ಸಣ್ಣ ಪತ್ರಿಕೆ ಇದು. ಒಳಗೆ ಬಣ್ಣದ ಪುಟ ಇಲ್ಲ, ಸಿನಿಮಾ ಇಲ್ಲ, ವಾರಭವಿಷ್ಯ ಇಲ್ಲ. ತಿಂಗಳಿಗೆ ಒಂದು ಕಸುಬು, ಅದನ್ನು ಮಾಡುವ ಜನ, ಅಷ್ಟೇ. ಆದರೂ ನೀವು ಓದಿದ್ರಿ, ಚಂದಾ ಕಟ್ಟಿದ್ರಿ, ಮುಗಿದಾಗ ಮತ್ತೆ ಕಟ್ಟಿದ್ರಿ. ಈ ಬರಹ ನಿಮಗೂ ಹೌದು, ಪತ್ರಿಕೆಯನ್ನು ನಿಮ್ಮ ಮನೆ ಬಾಗಿಲಿಗೆ ಮುಟ್ಟಿಸಿದವರಿಗೂ ಹೌದು.

ಸಾಲ ಹೇಳಿ ಅಚ್ಚು ಹಾಕಿಕೊಟ್ಟ ಪ್ರೆಸ್ಸಿನ ಮಾಲೀಕರು, ಬಸ್ ಚಾರ್ಜು ಮಾತ್ರ ತಗೊಂಡು ಊರೂರು ತಿರುಗಿ ಫೋಟೋ ತೆಗೆದ ಹುಡುಗರು, ಹೆಡ್ ಪೋಸ್ಟಾಫೀಸಿನ ಕೌಂಟರಿನವರು, ತಮ್ಮ ಮಗ್ಗದ ಪಕ್ಕ ಚಾಪೆ ಹಾಸಿ ನಮ್ಮನ್ನು ಮಲಗಿಸಿದ ಇಳಕಲ್ಲಿನ, ಗುಳೇದಗುಡ್ಡದ ಮನೆಯವರು, ಎಲ್ಲರಿಗೂ ಕೈಮುಗಿಯುತ್ತೇನೆ. ನಿಮ್ಮ ಬಗ್ಗೆ ಒಂದೇ ಸಾಲು ಬರೆದೆ ಅಂತ ಬೇಜಾರು ಮಾಡ್ಕೋಬೇಡಿ. ಇವತ್ತು ಒಬ್ಬರ ಬಗ್ಗೆ ಜಾಸ್ತಿ ಬರೆಯಬೇಕಾಗಿದೆ.

ಅವರು ನಮ್ಮ ಓಣಿಯ ಅಕ್ಕೋರು. ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು. ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯಲ್ಲ. ಪತ್ರಿಕೆ ಶುರು ಮಾಡುವಾಗ ನಮ್ಮ ಹತ್ತಿರ ಎರಡು ಸಂಚಿಕೆಗಾಗುವಷ್ಟು ದುಡ್ಡೂ ಇರಲಿಲ್ಲ. ಮೊದಲೇ ಚಂದಾ ಕೇಳಲು ನನಗೆ ನಾಚಿಕೆ. ಆಗ ಅಕ್ಕೋರು ನನ್ನನ್ನು ಕೂರಿಸಿಕೊಂಡು ಹೇಳಿದ್ದು ಇದು: "ಗಳಗನಾಥರು ತಮ್ಮ ಪುಸ್ತಕಾ ಹೊತಗೊಂಡು ಊರೂರು ಅಡ್ಡ್ಯಾಡಿ ಮಾರ್‍ಯಾರ. ಜಿ. ಬಿ. ಜೋಶಿಯವರು 1933ರಾಗ ಮನೋಹರ ಗ್ರಂಥಮಾಲಾ ಶುರು ಮಾಡಿ ಚಂದಾದಾರರನ್ನ ನಂಬಿ ನಡಸ್ಯಾರ. ಈ ಊರಾಗ ಓದವ್ರನ್ನ ಕೇಳೂದಕ್ಕ ನಾಚಿಕಿ ಯಾಕ?" ಮರುದಿನ ಮೊದಲ ಚಂದಾ ಅವರೇ ಕೊಟ್ಟರು. ಎರಡನೆಯದು, ಮೂರನೆಯದು ಅವರ ಹಳೇ ವಿದ್ಯಾರ್ಥಿಗಳಿಂದ ಬಂದವು.

ಪತ್ರಿಕೆಗೆ ಒಂದು ಗುರುತು ಬಂದಿದ್ದರೆ ಅದು ಅವರಿಂದ. ಮೊದಲ ವರ್ಷ ಚಂದಾ ಏರದೇ ಇದ್ದಾಗ, ಅಡುಗೆ ಹಾಕಿ, ಭವಿಷ್ಯ ಹಾಕಿ, ಒಂದೆರಡು ಕಥೆ ಹಾಕಿ ಅಂತ ಬಹಳ ಮಂದಿ ಹೇಳಿದರು. ಒಳ್ಳೇ ಮನಸ್ಸಿನಿಂದಲೇ ಹೇಳಿದರು. ಅಕ್ಕೋರು ಮಾತ್ರ ಒಪ್ಪಲಿಲ್ಲ. "ಅವು ಎಲ್ಲಾರ ಹತ್ರ ಅದಾವ. ನೀ ಬರಿಯೂದು ಯಾರ ಹತ್ರ ಐತಿ ಹೇಳು." ಈ ಮಾತು ನನ್ನನ್ನು ಎಷ್ಟು ಸಲ ಉಳಿಸಿದೆಯೋ! ದೊಡ್ಡ ಪತ್ರಿಕೆಗಳು ಕಸೂತಿ ಬಗ್ಗೆ ಅರ್ಧ ಪುಟ ಬರೆಯುತ್ತವೆ. ನಾವು ಇಡೀ ಸಂಚಿಕೆ ಬರೆದೆವು. ಗವಂತಿ, ಮುರಗಿ, ನೇಗಿ, ಮೆಂತಿ, ಒಂದೊಂದು ಹೊಲಿಗೆಗೂ ಬೇರೆ ಬೇರೆ ಪುಟ. ಬಟ್ಟೆ ಮೇಲೆ ಗೆರೆ ಹಾಕಿಕೊಳ್ಳದೆ ಎಳೆ ಎಣಿಸಿ ಸೂಜಿ ಹಾಕುವುದು ಹೇಗೆ, ಗವಂತಿ ಹೊಲಿಗೆ ಹಿಂದೂ ಮುಂದೂ ಒಂದೇ ಥರ ಕಾಣುವುದು ಯಾಕೆ, ಎಲ್ಲ ಬಿಡಿಸಿ ಬಿಡಿಸಿ ಬರೆದೆವು. ಆ ಸಂಚಿಕೆ ನೋಡಿ ಹೊಲಿಯಲು ಕೂತೆವು ಅಂತ ಎಷ್ಟೋ ಮನೆಗಳಿಂದ ಪತ್ರ ಬಂದವು. ಒಂದು ವಿಷಯದಲ್ಲಿ ಇಷ್ಟು ಆಳಕ್ಕೆ ಇಳಿದರೆ ಓದುಗರು ಓಡಿಹೋಗುತ್ತಾರೆ ಅಂದುಕೊಂಡಿದ್ದವರು ನಾವೇ. ಓಡಿಹೋಗಲಿಲ್ಲ, ಪಕ್ಕದ ಮನೆಯವರನ್ನೂ ಕರೆತಂದರು.

ಅಕ್ಕೋರು ಹಾಕಿದ ಇನ್ನೊಂದು ನಿಯಮ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಯಾರ ಕೆಲಸದ ಬಗ್ಗೆ ಬರೆದೆವೋ ಅವರಿಗೆ ಬರಹ ಓದಿ ಹೇಳದೆ ಅಚ್ಚಿಗೆ ಕೊಡೋ ಹಾಗಿಲ್ಲ. ಇಳಕಲ್ ಸೀರೆ ಸಂಚಿಕೆಗೆ ಅವರೇ ನಮ್ಮ ಜೊತೆ ಬಂದು, ನೇಕಾರರ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದರು. ಸೀರೆಯ ಮೈಗೆ ಹತ್ತಿಯ ಹಾಸು, ಅಂದರೆ ಉದ್ದಕ್ಕೆ ಹಾಕುವ ಎಳೆ, ತೋಪ ತೆನೆ ಅನ್ನೋ ವಿನ್ಯಾಸದ ಸೆರಗಿಗೆ ರೇಷ್ಮೆಯ ಹಾಸು, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ ಅನ್ನೋ ಭಾಗ ಬಂತು. ಒಳಗೆ ರೊಟ್ಟಿ ಬಡಿಯುತ್ತಿದ್ದ ನೇಕಾರರ ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. "ನಮ್ಮ ಮನ್ಯಾಗ ಕೊಂಡಿ ಹಾಕೂದು ನಾನ್ರಿ. ಅದನ್ನ ಸೇರಸ್ರಿ." ಅಕ್ಕೋರು ಅಲ್ಲೇ ಪೆನ್ನು ತೆಗೆದು ಸೇರಿಸಿದರು. ಆ ತಾಯಿಯ ಫೋಟೋನೇ ಮುಖಪುಟಕ್ಕೆ ಬಂತು. ಆಮೇಲೆ ನೇಕಾರರ ಮನೆಗಳಿಂದ ಚಂದಾ ಬರೋಕೆ ಶುರುವಾಯಿತು. ತಮ್ಮ ಮನೆ ಮಾತು ಸರಿಯಾಗಿ ಅಚ್ಚಾಗಿದ್ದನ್ನು ನೋಡಿದವರು ಪತ್ರಿಕೆಯನ್ನು ಬಿಡಲ್ಲ ಅಂತ ನನಗೆ ಗೊತ್ತಾಗಿದ್ದು ಆಗ.

ಚಂದಾ ಮುಗಿದವರಿಗೆ ಅಚ್ಚು ಹಾಕಿದ ಚೀಟಿ ಕಳಿಸೋದು ರೂಢಿ. ಅಕ್ಕೋರು ಕಾರ್ಡು ಬರೆಯುತ್ತಾರೆ, ಕೈಯಲ್ಲಿ. ಅವರ ರಿಜಿಸ್ಟರಿನಲ್ಲಿ ಪ್ರತಿ ಹೆಸರಿನ ಮುಂದೆ ಆ ಓದುಗರು ಯಾವಾಗ ಏನು ಬರೆದಿದ್ದರು ಅಂತ ಇರುತ್ತದೆ. ಸೊಲ್ಲಾಪುರದ ಒಬ್ಬ ಓದುಗರಿಗೆ ಹೋದ ಕಾರ್ಡು ಹೀಗಿತ್ತು: "ಕಸೂತಿ ಸಂಚಿಕೆ ನೋಡಿ ನಿಮ್ಮ ಅವ್ವನ ಚಂದ್ರಕಾಳಿ ಸೀರೆ ನೆನಪಾಯಿತು ಅಂತ ಬರೆದಿದ್ದಿರಿ. ಆ ಸೀರೆ ಈಗ ಯಾರ ಹತ್ತಿರ ಇದೆ?" ಚಂದಾ ವಿಷಯ ಕೊನೆಗೆ ಒಂದು ಸಾಲು. ಎರಡು ವಾರಕ್ಕೆ ಉತ್ತರ ಬಂತು. ಕಪ್ಪು ಸೀರೆಯ ಫೋಟೋ, ಚಂದಾ ಹಣ, ಜೊತೆಗೆ ಅವರ ಇಬ್ಬರು ತಂಗಿಯರ ವಿಳಾಸ.

ಇನ್ನು ಒಂದು ರಾತ್ರಿಯ ಮಾತು. ಒಂದು ವರ್ಷ ನಮ್ಮ ಮನೆಯವರು ಐಸಿಯು ಸೇರಿದ್ದು ಹಳೇ ಓದುಗರಿಗೆಲ್ಲ ಗೊತ್ತಿದೆ, ಏನಾಯಿತು ಅಂತ ಮತ್ತೆ ಹೇಳಲ್ಲ. ಪತ್ರಿಕೆಗಳಿಗೆ ಅಂಚೆಯಲ್ಲಿ ರಿಯಾಯಿತಿ ಸಿಗಬೇಕಂದ್ರೆ ಗೊತ್ತುಮಾಡಿದ ತಾರೀಖಿಗೇ ಪೋಸ್ಟ್ ಮಾಡಬೇಕು. ತಪ್ಪಿದರೆ ಪೈಸೆ ಲೆಕ್ಕದಲ್ಲಿ ಹೋಗೋದಕ್ಕೆ ರೂಪಾಯಿ ಲೆಕ್ಕದಲ್ಲಿ ಕಟ್ಟಬೇಕು. ಆ ತಾರೀಖು ಮರುದಿನವೇ ಇತ್ತು. ಸಂಚಿಕೆಗಳು ಮನೆಯಲ್ಲಿ ಕಟ್ಟುಕಟ್ಟಾಗಿ ಬಿದ್ದಿದ್ದವು. ನಾನು ಐಸಿಯು ಹೊರಗಿನ ಬೆಂಚಿನ ಮೇಲಿದ್ದೆ. ಪತ್ರಿಕೆ ಇದೆ ಅನ್ನೋದೇ ಮರೆತುಹೋಗಿತ್ತು.

ರಾತ್ರಿ ಅಕ್ಕೋರು ಆಟೋದಲ್ಲಿ ಬಂದರು. ಎರಡು ಗೋಣಿಚೀಲ, ವಿಳಾಸದ ಚೀಟಿ, ಅಂಟಿನ ಬಾಟಲಿ. ಕಾರಿಡಾರಿನ ನೆಲದ ಮೇಲೆ ಹಳೇ ಸೀರೆ ಹಾಸಿಕೊಂಡು ಕೂತರು. ಕಾವಲಿನವರು ಎಬ್ಬಿಸಲು ಬಂದರೆ ಅವರ ಕೈಗೂ ಒಂದು ಸಂಚಿಕೆ ಕೊಟ್ಟರು. ಅವರು ಅಲ್ಲೇ ನಿಂತು ಓದತೊಡಗಿದರು. ನಾನು ಅಂದೆ, ಅಕ್ಕೋರ, ಇದೇ ಕೊನೇದು, ನಿಲ್ಲಿಸಿಬಿಡೂಣು. ಅವರು ತಲೆ ಎತ್ತಲಿಲ್ಲ. "ನಿಲ್ಲಸೂದ್ರ ವಿಚಾರ ನಾಳೆ ಮಾಡೂಣು ತಂಗಿ. ಈಗ ಅಂಟು ಹಚ್ಚು." ಹಚ್ಚಿದೆ. ವಿಳಾಸಗಳು ಕಣ್ಣಿಗೆ ಮಂಜಾಗಿ ಕಾಣುತ್ತಿದ್ದವು. ಮಹಾಲಿಂಗಪುರ, ರಬಕವಿ, ಪುಣೆ, ಗಜೇಂದ್ರಗಡ. ಒಂದೊಂದು ಚೀಟಿ ಅಂಟಿಸುವಾಗಲೂ, ಇವರಿಲ್ಲದ ಮನೆಯ ಬೀಗ ಹೇಗೆ ತೆಗೀಲಿ ಅನ್ನೋದೊಂದೇ ತಲೆಯಲ್ಲಿ. ಇಷ್ಟು ವರ್ಷ ಆದ ಮೇಲೂ ಆ ಅಂಟಿನ ವಾಸನೆ ಬಂದರೆ ನನ್ನ ಹೊಟ್ಟೆ ಕಿವುಚುತ್ತದೆ.

ನಡುರಾತ್ರಿ ದಾಟಿದ ಮೇಲೆ ಒಳಗಿನಿಂದ ನನ್ನ ಹೆಸರು ಕೂಗಿದರು. ಎದ್ದರೆ ಕಾಲು ನಿಲ್ಲಲಿಲ್ಲ. ಅಕ್ಕೋರು ಮುಂದೆ ಬಗ್ಗಿ ನನ್ನ ಚಪ್ಪಲಿ ಹುಡುಕಿ ತಂದು, ತಮ್ಮ ಕೈಯಿಂದ ನನ್ನ ಕಾಲಿಗೆ ಹಾಕಿದರು. ನನ್ನ ಅವ್ವನ ವಯಸ್ಸಿನವರು. ಬೇಡ ಅನ್ನೋಕೂ ನನ್ನ ಬಾಯಿ ಬರಲಿಲ್ಲ. "ಏನೂ ಆಗೂದಿಲ್ಲ" ಅಂತ ಅವರು ಹೇಳಲಿಲ್ಲ. ಬಾಗಿಲ ತನಕ ರಟ್ಟೆ ಹಿಡಿದು ಬಂದರು, ನಾನು ಹೊರಗೆ ಬರೋ ತನಕ ಅದೇ ಬಾಗಿಲ ಹತ್ತಿರ ನಿಂತಿದ್ದರು.

ಅಕ್ಕೋರೆ, ನಿಮ್ಮ ಎದುರಿಗೆ ಕೂತು ಈ ಮಾತು ಆಡಲು ನನಗೆ ಆಗಿಲ್ಲ. ಬಾಯಿ ತೆಗೆದಾಗಲೆಲ್ಲ "ಚಾ ಕುಡಿ" ಅಂತ ಮಾತು ತಿರುಗಿಸ್ತೀರಿ. ಅದಕ್ಕೇ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ. ಆ ರಾತ್ರಿ ನೀವು ಇರದಿದ್ದರೆ ಈ ಪತ್ರಿಕೆ ಅಲ್ಲಿಗೇ ನಿಲ್ಲುತ್ತಿತ್ತು. ನಾನೂ ಮೊದಲಿನ ಹಾಗೆ ಎದ್ದು ಓಡಾಡುತ್ತಿದ್ದೆನೋ ಇಲ್ಲವೋ.

ಮರುದಿನ ಸಂಚಿಕೆಗಳು ತಾರೀಖಿಗೆ ಸರಿಯಾಗಿ ಪೋಸ್ಟ್ ಆದವು. ನಮ್ಮವರೂ ಕೆಲವು ವಾರಕ್ಕೆ ಮನೆಗೆ ಬಂದರು. ಈಗ ಪ್ರೂಫ್ ಅವರೇ ನೋಡುತ್ತಾರೆ. ಒಂದು ಪುಟಕ್ಕೆ ಮೊದಲಿಗಿಂತ ಜಾಸ್ತಿ ಹೊತ್ತು ಬೇಕು, ಆದರೆ ಕಾಗುಣಿತ ತಪ್ಪಿಸಿಕೊಂಡು ಹೋಗಲ್ಲ.

2020ರ ಲಾಕ್‌ಡೌನಿನಲ್ಲಿ ಪ್ರೆಸ್ಸು ಮುಚ್ಚಿದಾಗ ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸಿದೆವು. ಮೊಬೈಲಿನಲ್ಲಿ ಓದಲು ಬಾರದ ಹಿರಿಯರಿಗೆ ಅಕ್ಕೋರು ಫೋನಿನಲ್ಲೇ ಓದಿ ಹೇಳಿದರು, ದಿನಕ್ಕೆ ಇಬ್ಬರಿಗೆ, ಮೂವರಿಗೆ. ಮುಂದೆ 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಬಂದು, ಪಾಲಿಯೆಸ್ಟರ್ ಬಟ್ಟೆಯ, ಯಂತ್ರದಲ್ಲಿ ಮಾಡಿದ ರಾಷ್ಟ್ರಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ನಾವು ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ಖಾದಿ ಧ್ವಜ ಹೊಲಿಯುವ ಹೆಣ್ಣುಮಕ್ಕಳ ಜೊತೆ ಕೂತೆವು. ಚಕ್ರ ಬಟ್ಟೆಯ ಎರಡೂ ಕಡೆ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಬರಬೇಕು ಅಂತ ಅವರು ಧ್ವಜವನ್ನು ಬೆಳಕಿಗೆ ಹಿಡಿದು ತೋರಿಸಿದರು. ಆ ಸಂಚಿಕೆ ನಮ್ಮನ್ನು ಬೆಂಗಳೂರಿಗೆ, ಮುಂಬೈಗೆ, ಇನ್ನೂ ದೂರದ ಕನ್ನಡದ ಮನೆಗಳಿಗೆ ಕರೆದೊಯ್ದಿತು. ಆ ಹೊಸ ಓದುಗರಲ್ಲಿ ಬಹಳ ಜನ ಇವತ್ತಿಗೂ ಜೊತೆಗಿದ್ದೀರಿ. ನಿಮ್ಮ ಪತ್ರಗಳನ್ನು ಬೆಂಗೇರಿಯ ಆ ಹೆಣ್ಣುಮಕ್ಕಳಿಗೂ ಓದಿ ಹೇಳಿದ್ದೇವೆ. ನೀವು ಬರೆದದ್ದು ಅವರಿಗೆ ಮುಟ್ಟಿದೆ.

ಮುಂದಿನ ಸಂಚಿಕೆ ನವಲಗುಂದದ ಜಮಖಾನದ ಮೇಲೆ. ನಿಂತ ಮಗ್ಗದ ಮುಂದೆ ಕೂತು ನೇಯುವ ಹೆಣ್ಣುಮಕ್ಕಳ ಮನೆಗಳಿಗೆ ಈಗಾಗಲೇ ಹೋಗಿಬಂದಿದ್ದೇವೆ. ಬರಹವನ್ನು ಅವರಿಗೆ ಓದಿ ಹೇಳೋದು ಬಾಕಿ ಇದೆ. ಅಕ್ಕೋರು ಈ ಸಲವೂ ಬರ್ತೀನಿ ಅಂದಿದ್ದಾರೆ. ಮನೆ ಬದಲಾಯಿಸಿದವರು ಹೊಸ ವಿಳಾಸವನ್ನು ಪಿನ್‌ಕೋಡ್ ಸಮೇತ ಬೇಗ ತಿಳಿಸಬೇಕಂತೆ. ರಿಜಿಸ್ಟರು ತೆಗೆದುಕೊಂಡು ಕೂತಿದ್ದಾರೆ.