ಗೋಲ್ ಆದಾಗ ಅವನು ಮೈದಾನ ನೋಡಲಿಲ್ಲ ಅಂತ ಬರೆದಿದ್ದೀಯಲ್ಲ

ಕೇಶ್ವಾಪುರ, ಹುಬ್ಬಳ್ಳಿ

ಚಿರಂಜೀವಿ ತಮ್ಮನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ಮನೆ ಸಾಲದ ವಿಷಯ, ಸೊಸೆಯ ಹೊಸ ಕೆಲಸದ ವಿಷಯ ಓದಿದೆವು. ಅದನ್ನೆಲ್ಲ ನಿನ್ನ ಕಾಕು ಫೋನಿನಲ್ಲಿ ಮಾತಾಡುತ್ತಾಳೆ. ನಾನು ಬರೆಯಲು ಕೂತದ್ದು ಕೊನೆಯ ಪುಟದ ನಾಲ್ಕು ಸಾಲಿಗಾಗಿ. ಕಂಠೀರವದಲ್ಲಿ ಗೋಲ್ ಆಯಿತು, ಸುತ್ತಲಿನವರೆಲ್ಲ ಎದ್ದು ಕುಣಿದರು, ನಿನ್ನ ಮಗ ಮಾತ್ರ ನಿನ್ನ ಮುಖ ನೋಡಿದ, ನೀನು ನಕ್ಕ ಮೇಲೆ ಅವನೂ ಚಪ್ಪಾಳೆ ತಟ್ಟಿದ ಅಂತ ಬರೆದಿದ್ದೀ. ‘ಇವನಿಗೆ ಆಟ ಇಷ್ಟವೋ, ನನ್ನ ಖುಷಿಗಾಗಿ ಬರುತ್ತಾನೋ ತಿಳಿಯುತ್ತಿಲ್ಲ ಕಾಕಾ, ಹೆದರಿಕೆ ಆಗುತ್ತದೆ’ ಅಂದಿದ್ದೀ.

ಹೆದರಿಕೆ ಆಗುವಂಥದ್ದೇ. ಏನಿಲ್ಲ ಬಿಡು ಅಂತ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಅಂಥ ಒಂದು ಮುಖವನ್ನು ನಾನೂ ಕಂಡಿದ್ದೆ. ಕಂಡರೂ ತಿಳಿಯಲಿಲ್ಲ.

ನನಗೆ ಫುಟ್‌ಬಾಲ್ ಹುಚ್ಚು ಹತ್ತಿದಾಗ ನಾನು ಯಾರ ಮುಖವನ್ನೂ ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಹುಬ್ಬಳ್ಳಿ ಅಂದರೆ ಕ್ರಿಕೆಟ್, ಸೆಟ್ಲಮೆಂಟ್ ಕಡೆ ಹೋದರೆ ಹಾಕಿ. ಗೂಡ್ಸ್ ಗಾರ್ಡ್ ಆಗಿ ಅದಿರಿನ ಗಾಡಿಯಲ್ಲಿ ಮುರ್ಮಗೋವಾ ಬಂದರಿಗೆ ಹೋಗುತ್ತಿದ್ದೆ. ವಾಪಸು ಡ್ಯೂಟಿ ಬರುವ ತನಕ ವಾಸ್ಕೋದಲ್ಲಿ ರೈಲ್ವೆಯವರು ತಂಗುವ ರನ್ನಿಂಗ್ ರೂಮಿನಲ್ಲಿ ಬಿದ್ದಿರಬೇಕು. ಒಂದು ಸಂಜೆ ಜನರ ಕೂಗು ಕೇಳಿ ತಿಲಕ್ ಮೈದಾನಕ್ಕೆ ಹೋದೆ. ಹಸಿರು ಅಂಗಿಯ ಸಾಲ್ಗಾಂವ್ಕರ್ ಆಡುತ್ತಿತ್ತು. ಅದಿರಿನ ಕಂಪನಿಯವರು 1956ರಲ್ಲಿ ಕಟ್ಟಿದ ಕ್ಲಬ್ ಅದು. ನನ್ನ ಮೈಮೇಲೂ ಅದಿರಿನ ಕೆಂಪು ಧೂಳು. ಇವರು ನಮ್ಮವರೇ ಅನ್ನಿಸಿತು. ಅಷ್ಟಕ್ಕೇ ಜೀವಮಾನದ ನಂಟು ಬೆಳೆಯಿತು.

1988ರಲ್ಲೂ 89ರಲ್ಲೂ ಅವರು ಫೆಡರೇಷನ್ ಕಪ್ ಗೆದ್ದರು. ಗಾಡಿಯ ಕೊನೆಯ ಬ್ರೇಕ್‌ವ್ಯಾನಿನಲ್ಲಿ ಒಬ್ಬನೇ ಕೂತು ಖುಷಿಪಟ್ಟೆ. ಹತ್ತು ವರ್ಷದ ಮೇಲೆ, 1998-99ರಲ್ಲಿ ನ್ಯಾಷನಲ್ ಲೀಗ್ ಗೆದ್ದರು. ಗೋವಾದ ಯಾವ ಕ್ಲಬ್ಬೂ ಅದಕ್ಕಿಂತ ಮೊದಲು ಅದನ್ನು ಗೆದ್ದಿರಲಿಲ್ಲ. ಆಗಲೂ ನಾನು ಒಬ್ಬನೇ. ಮನೆಗೆ ಬಂದು ಹೇಳಿದರೆ ನಿನ್ನ ಕಾಕು ‘ಹೌದಾ’ ಅಂದು ರೊಟ್ಟಿ ಬಡಿಯುತ್ತಿದ್ದಳು. ಇನ್ನು ಮೇಲೆ ಮಗನನ್ನು ಕರೆದುಕೊಂಡು ಹೋಗಬೇಕು ಅಂತ ಆಗಲೇ ಮನಸ್ಸು ಮಾಡಿದ್ದು. ನೋಡು, ನಾನು ತಪ್ಪಿದ್ದು ಅಲ್ಲೇ. ಅವನು ಕೇಳಿರಲಿಲ್ಲ. ನನಗೆ ಜೊತೆ ಬೇಕಿತ್ತು.

ನಿನ್ನಣ್ಣನಿಗೆ ಆಗ ಹನ್ನೊಂದು ವರ್ಷ. ಮಡಗಾಂವಿನ ಫತೋರ್ಡಾ ಸ್ಟೇಡಿಯಂ. ನಮ್ಮವರು ಸೋತರು, ಕೆಟ್ಟದಾಗಿ ಸೋತರು. ಗಾಡಿ ಹತ್ತಿದ ಮೇಲೆ ನಾನು ಒಂದು ಮಾತೂ ಆಡಲಿಲ್ಲ. ಅವನ ಕೈಯಲ್ಲಿ ಪೇಪರಿನ ಪೊಟ್ಟಣದಲ್ಲಿ ಶೇಂಗಾ ಇತ್ತು. ಒಂದೊಂದೇ ಸುಲಿದು, ಕಾಳಿನ ಮೇಲಿನ ಸಿಪ್ಪೆಯನ್ನೂ ಉಜ್ಜಿ ತೆಗೆದು, ನನ್ನ ಅಂಗೈಯಲ್ಲಿ ಇಡುತ್ತಿದ್ದ. ನಾನು ತಿನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ. ಕುಲೆಂ ಸ್ಟೇಷನ್ನಿನಲ್ಲಿ ಘಟ್ಟ ಹತ್ತಲಿಕ್ಕೆ ಹಿಂದಿನಿಂದ ದೂಡುವ ಎಂಜಿನ್ ಜೋಡಿಸಿದರು. ಅದನ್ನು ನೋಡೋದು ಅಂದರೆ ಅವನಿಗೆ ಪ್ರಾಣ. ಆವತ್ತು ಇಳಿಯೋಣ ಅಂತ ಕೇಳಲೇ ಇಲ್ಲ. ಸುಮ್ನೆ ಶೇಂಗಾ ಸುಲಿದ. ಕ್ಯಾಸಲ್‌ರಾಕ್ ಬರುವ ಹೊತ್ತಿಗೆ ನನ್ನ ಅಂಗೈ ತುಂಬಿತ್ತು.

ಹೋದ ವರ್ಷ ಊಟ ಮಾಡುತ್ತಾ ಕೂತಾಗ ಅವನು ಏನೋ ಮಾತಿಗೆ ಅಂದ: ‘ಅಪ್ಪಾ, ಅವತ್ತ ನಾ ಏನರ ತಪ್ಪ ಮಾಡೀನಿ ಅನ್ಕೊಂಡಿದ್ದೆ.’ ನಗುತ್ತಲೇ ಅಂದ. ನನಗೆ ತುತ್ತು ಇಳಿಯಲಿಲ್ಲ. ಅದಾದ ಮೇಲೂ ನಾಲ್ಕು ವರ್ಷ ನನ್ನ ಜೊತೆ ಬಂದಿದ್ದನಲ್ಲ, ಬರೋದಿಲ್ಲ ಅಂತ ಒಂದು ಸಲವೂ ಅನ್ನಲಿಲ್ಲ. ಅವನಿಗೆ ಬೇಕಿದ್ದದ್ದು ಎಂಜಿನ್. ಈಗ ಅವನ ಕೆಲಸ ಏನು ಅಂತ ನಿನಗೆ ಗೊತ್ತೇ ಇದೆ.

ನಿನ್ನ ಪತ್ರ ನನ್ನ ನಿದ್ದೆ ಕೆಡಿಸಿದ್ದು ಇಷ್ಟರಿಂದಲೇ ಅಲ್ಲ, ತಮ್ಮಾ. ಫತೋರ್ಡಾದ ಆ ಸೋಲಿನ ಮರುವರ್ಷ ನೀನು ನಮ್ಮ ಮನೆಗೆ ಬಂದೆ. ಆ ದಿನಗಳ ಮಾತು ಈಗ ಬೇಡ. ಆದರೆ ಇನ್ನೊಬ್ಬರ ಮನೆಯಲ್ಲಿ ಬೆಳೆಯುವ ಹುಡುಗ ದೊಡ್ಡವರ ಮುಖ ಓದೋದನ್ನು ಬೇಗ ಕಲಿಯುತ್ತಾನೆ, ಅಲ್ವಾ? ನೀನು ವಾಸ್ಕೋದಲ್ಲಿ ನನಗಿಂತ ಜೋರಾಗಿ ಕೂಗುತ್ತಿದ್ದೆ. ಇವನಿಗೆ ನನ್ನ ಹುಚ್ಚೇ ಬಂದಿದೆ ಅಂತ ರನ್ನಿಂಗ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆ. ಈಗ ಕೇಳುತ್ತೇನೆ, ಆಗ ನೀನೂ ನನ್ನ ಮುಖ ನೋಡಿ ಕೂಗುತ್ತಿದ್ದೆಯಾ?

2014ರ ಏಪ್ರಿಲ್ ನೆನೆದಾಗ ಸ್ವಲ್ಪ ಧೈರ್ಯ ಬರುತ್ತದೆ. ನಿಮ್ಮ ಬೆಂಗಳೂರು ಎಫ್‌ಸಿ ಹುಟ್ಟಿ ಒಂದು ವರ್ಷವೂ ಆಗಿರಲಿಲ್ಲ. ಅದೇ ಫತೋರ್ಡಾದಲ್ಲಿ ಗೋವಾದ ಡೆಂಪೋ ಕ್ಲಬ್ಬನ್ನು 4-2ರಿಂದ ಸೋಲಿಸಿ, ನ್ಯಾಷನಲ್ ಲೀಗ್ ಜಾಗದಲ್ಲಿ ಬಂದ ಐ-ಲೀಗನ್ನು ಮೊದಲ ಸಲವೇ ಗೆದ್ದರು. ಪಕ್ಕದಲ್ಲಿ ನಾನು ಕೂತಿದ್ದೆ, ನೀನು ನನ್ನ ಕಡೆ ತಿರುಗಲೇ ಇಲ್ಲ. ನೀಲಿ ಅಂಗಿ ತೊಟ್ಟ ಯಾರೋ ಗುರುತಿಲ್ಲದವನನ್ನು ತಬ್ಬಿಕೊಂಡು ಅತ್ತೆ. ನನ್ನ ಹಸಿರು ಬಿಟ್ಟು ನೀಲಿ ಹಿಡಿದನಲ್ಲ ಅಂತ ಆವತ್ತು ನನಗೆ ಒಳಗೇ ಬೇಜಾರಾಗಿತ್ತು. ಈಗ ಅದೇ ನೆನಪು ನನಗೆ ಸಮಾಧಾನ ಕೊಡುತ್ತದೆ.

ನಿನ್ನ ಸಾಲುಗಳನ್ನು ಮತ್ತೆ ಓದಿದೆ. ಗೋಲ್ ಆದ ಗಳಿಗೆಯಲ್ಲಿ ಅವನು ನಿನ್ನ ಮುಖ ನೋಡಿದ್ದು ನಿನಗೆ ಹೇಗೆ ಗೊತ್ತಾಯಿತು? ನೀನೂ ಆಗ ಅವನನ್ನೇ ನೋಡುತ್ತಿದ್ದೆ. ನಾನು ಒಂದು ಸಲವೂ ಹಾಗೆ ತಿರುಗಿ ನೋಡಿದವನಲ್ಲ.

ಏನು ಮಾಡಬೇಕು ಅಂತ ಕೇಳಿದ್ದೀ. ಹೇಳುವ ಯೋಗ್ಯತೆ ನನಗೆ ಎಷ್ಟಿದೆಯೋ. ವಾಪಸು ಬರುವಾಗ ‘ಮಜಾ ಬಂತಾ?’ ಅಂತ ಕೇಳಬೇಡ ಅನ್ನಿಸುತ್ತದೆ. ಮಕ್ಕಳು ಬಂತು ಅಂತಲೇ ಹೇಳುತ್ತಾರೆ. ಸೋತ ದಿನ ಮಾತ್ರ ಬಾಯಿಬಿಟ್ಟು ಹೇಳು, ಅಪ್ಪನಿಗೆ ಆಟದ ಬೇಜಾರು, ನಿನ್ನ ಮೇಲಲ್ಲ ಅಂತ. ಜಾಸ್ತಿ ಏನೂ ಬೇಡ, ಅದೊಂದು ಮಾತು ಸಾಕಿತ್ತು ನಮಗೆ ಆ ಘಟ್ಟದಲ್ಲಿ. ಅವನು ಏನಾದರೂ ಸುಲಿದು ಕೊಟ್ಟರೆ ತಿನ್ನು.

ಇನ್ನೊಂದು ಹೇಳಬೇಕು, ಇದರ ಅರ್ಥ ನನಗೇ ಸರಿಯಾಗಿ ಆಗಿಲ್ಲ. 2016ರಲ್ಲಿ ಸಾಲ್ಗಾಂವ್ಕರ್ ಐ-ಲೀಗ್‌ನಿಂದ ಹೊರಗೆ ಬಂತು. ಗೋವಾದ ಲೀಗ್ ಸಾಕು ಅಂದರು. ಆ ರಾತ್ರಿ ನಿನ್ನಣ್ಣ ಡ್ಯೂಟಿ ಮುಗಿಸಿ ಫೋನ್ ಮಾಡಿದ. ಫುಟ್‌ಬಾಲ್ ಸುದ್ದಿ ಓದುವವನೇ ಅಲ್ಲ. ‘ಪೇಪರ್ ನೋಡಿದೇನಪಾ? ಊಟ ಮಾಡಿದಿ?’ ಅಂದ. ಅಷ್ಟು ದೂರದಿಂದಲೂ ನನ್ನ ಮುಖ ನೋಡುತ್ತಿದ್ದ. ಅದರಲ್ಲಿ ಹೆದರಿಕೆ ಇರಲಿಲ್ಲ ಅಂತ ನಂಬಿದ್ದೇನೆ. ನಿನ್ನ ಮಗನದೂ ಹೆದರಿಕೆ ಅಲ್ಲದೆ ಇರಬಹುದು. ಅವನಿಗಿನ್ನೂ ಏಳು ವರ್ಷ.

ನೀಲಿ ಅಂಗಿಯನ್ನು ಅವನು ಕೇಳಿದರೆ ಮಾತ್ರ ಕೊಡಿಸು. ಆಗಲೇ ಕೊಡಿಸಿದ್ದರೆ ಇರಲಿ, ಹಾಕಿಕೋ ಅಂತ ನೀನಾಗಿ ತೆಗೆದಿಡಬೇಡ. ಅರ್ಧಕ್ಕೇ ಮನೆಗೆ ಹೋಗೋಣ ಅಂದರೆ ಎದ್ದು ಬಾ. ಕಷ್ಟ ಆಗುತ್ತದೆ, ಗೊತ್ತು.

ಬೇಸಿಗೆ ರಜೆಗೆ ಅವನನ್ನು ಕರೆದುಕೊಂಡು ಬಾ. ನಮ್ಮ ಸ್ಟೇಷನ್ನಿನ ಹೊಸ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಇದೆ, ಆ ತುದಿಯಿಂದ ಈ ತುದಿಗೆ ಓಡಲಿ. ಒಂದು ದಿನ ವಾಸ್ಕೋ ಗಾಡಿ ಹತ್ತೋಣ. ಈ ಅಜ್ಜನಿಗೆ ಏನು ಇಷ್ಟ ಅಂತ ಅವನಿಗೆ ಮೊದಲೇ ಹೇಳಬೇಡ. ಕಿಟಕಿ ಪಕ್ಕ ಕೂರಿಸು. ಸುರಂಗ ನೋಡಲಿ, ದೂಧಸಾಗರ ನೋಡಲಿ, ಇಲ್ಲ ಮಲಗಲಿ.

ನಾನು ನಿನಗೆ ಕೇಳಿದ್ದಕ್ಕೆ ಉತ್ತರ ಫೋನಿನಲ್ಲಿ ಬೇಡ. ಫೋನಿನಲ್ಲಿ ನನ್ನ ದನಿ ಕೇಳಿ ನೀನು ಉತ್ತರ ಬದಲಿಸುತ್ತೀ. ಬರೆದು ಕಳಿಸು.

ನಿನ್ನ ಕಾಕಾ