ಮಗಳ ಸ್ಕೇಟಿಗೆ ಲೇಸು ಬಿಗಿದವರಿಗೆ

ಮೊನ್ನೆ ಮಗಳ ಐಸ್ ಹಾಕಿ ಸೀಸನ್ ಮುಗಿಯಿತು. ರಿಂಕಿನ, ಅಂದರೆ ಆಟ ನಡೆಯುವ ಐಸ್ ಅಂಗಳದ, ನೋಟಿಸ್ ಬೋರ್ಡಿಗೆ ಇಂಗ್ಲಿಷಿನಲ್ಲಿ ಎರಡು ಸಾಲು ಥ್ಯಾಂಕ್ಸ್ ಬರೆದು ಅಂಟಿಸಿ ಬಂದೆ. ಮನಸ್ಸಿಗೆ ಸಾಲಲಿಲ್ಲ. ಉಳಿದದ್ದನ್ನು ಕನ್ನಡದಲ್ಲೇ ಹೇಳಬೇಕು ಅನ್ನಿಸಿತು.

ನಾವಿರುವುದು ಕೆನಡಾದ ಸಸ್ಕ್ಯಾಚೆವಾನ್‌ನಲ್ಲಿ, ಗೋಧಿ, ಕನೋಲಾ ಹೊಲಗಳ ನಡುವಿನ ಪುಟ್ಟ ಊರಿನಲ್ಲಿ. ಒಂದೇ ಊರಿನ ಮಕ್ಕಳು ಟೀಮಿಗೆ ಸಾಲುವುದಿಲ್ಲ. ಪಕ್ಕದೂರಿನವರೂ ಸೇರಬೇಕು. ಹಾಗಾಗಿ ಅರ್ಧ ಪ್ರಾಕ್ಟೀಸು ಇಲ್ಲಿ, ಅರ್ಧ ಅಲ್ಲಿ. ಮೈನಸ್ 30 ಡಿಗ್ರಿ ಚಳಿಯಲ್ಲೂ ಓಡಾಟ ತಪ್ಪಿದ್ದಲ್ಲ.

ಡಿಸೆಂಬರಿನಲ್ಲಿ ಮಾವನವರು ಆಸ್ಪತ್ರೆ ಸೇರಿದರು. ನಮ್ಮ ಮನೆಯವರು ದಾವಣಗೆರೆಗೆ ಹೊರಟರು, ಎರಡು ತಿಂಗಳು ಬರಲಿಲ್ಲ. ನನಗೆ ಶನಿವಾರ, ಭಾನುವಾರವೂ ಕೆಲಸ. ಮಗಳನ್ನು ಈ ವರ್ಷ ಬಿಡಿಸುತ್ತೇನೆ ಅಂತ ಕೋಚ್‌ಗೆ ಹೇಳಿದೆ. ಅವರು ಕೇಳಿದ್ದು ಇಷ್ಟೇ: "ಶನಿವಾರ ಎಷ್ಟು ಗಂಟೆಗೆ ರೆಡಿ ಇರ್ತಾಳೆ?"

ಅವತ್ತಿನಿಂದ ಪ್ರತಿ ಆಟಕ್ಕೂ ಯಾರದಾದರೂ ಗಾಡಿ ನಮ್ಮ ಬಾಗಿಲಿಗೆ ಬಂತು. ಆಟದ ಊರು ತಲುಪಿದ ಕೂಡಲೇ ನನಗೊಂದು ಮೆಸೇಜು. ನಾನು ಕೇಳಿರಲಿಲ್ಲ. 2018ರ ಏಪ್ರಿಲ್ 6ರಂದು ನಿಪಾವಿನ್‌ಗೆ ಆಡಲು ಹೊರಟಿದ್ದ ಹಂಬೋಲ್ಟ್ ಬ್ರಾಂಕೋಸ್ ಅನ್ನುವ ಜೂನಿಯರ್ ಐಸ್ ಹಾಕಿ ತಂಡದ ಬಸ್ಸು ಇದೇ ಪ್ರಾಂತ್ಯದಲ್ಲಿ ಅಪಘಾತಕ್ಕೆ ಸಿಕ್ಕಿತು. 16 ಜನ ತೀರಿಕೊಂಡರು. ಆಗ ದೇಶದ ತುಂಬ ಜನ ಮನೆ ಮುಂದೆ ಹಾಕಿ ಸ್ಟಿಕ್ ಇಟ್ಟು, ರಾತ್ರಿಯಿಡೀ ಲೈಟು ಉರಿಸಿದ್ದರು. ಮಕ್ಕಳು ರಸ್ತೆಯಲ್ಲಿದ್ದಾಗ ತಾಯಿ ಜೀವ ಹೇಗಿರುತ್ತೆ ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ ಅಲ್ವಾ.

ರಜೆ ಸಿಕ್ಕ ಒಂದು ಶನಿವಾರ ನಾನೂ ಹೋದೆ. ರಿಂಕಿನ ಬೆಂಚಿನ ಮುಂದೆ ಎಪ್ಪತ್ತು ದಾಟಿದ ರೈತರೊಬ್ಬರು ಮೊಣಕಾಲೂರಿ ಕೂತು ಮಗಳ ಸ್ಕೇಟಿನ ಲೇಸು ಬಿಗಿಯುತ್ತಿದ್ದರು. ಕೆಳಗಿನಿಂದ ಒಂದೊಂದೇ ತೂತಿಗೆ ಬೆರಳು ತೂರಿಸಿ ಎಳೆಯುವುದು, ಅವಳ ಮುಖ ನೋಡುವುದು, ಮತ್ತೆ ಎಳೆಯುವುದು. ಝಾಂಬೋನಿ ಓಡಿಸಿ ಐಸ್ ನುಣುಪು ಮಾಡುವವರೂ ಅವರೇ, ಸಂಬಳವಿಲ್ಲದೆ. ಅವರ ಮೊಮ್ಮಕ್ಕಳು ಯಾರೂ ಈ ಟೀಮಿನಲ್ಲಿಲ್ಲ. ಅಜ್ಜಾ, ನಿಮಗೆ ನನ್ನ ನಮಸ್ಕಾರ.

ಹೆಲ್ಮೆಟ್, ಪ್ಯಾಡು ಕೊಟ್ಟ ದೊಡ್ಡ ಹುಡುಗಿಯರಿಗೆ, ನಾನು ಬರುವುದು ತಡವಾದಾಗಲೆಲ್ಲ ಅವಳಿಗೆ ಊಟ ಹಾಕಿದ ಪಕ್ಕದ ಮನೆಯವರಿಗೆ, ಬಿಸಿ ಚಾಕೊಲೇಟಿಗೆ ದುಡ್ಡೇ ಮುಟ್ಟದ ಕ್ಯಾಂಟೀನಿನ ಹೆಂಗಸರಿಗೆ ತುಂಬಾ ತುಂಬಾ ಥ್ಯಾಂಕ್ಸ್.

ಟೀಮು ಪ್ಲೇಆಫ್‌ನಲ್ಲಿ ಬೇಗ ಸೋತಿತು. ಮಗಳು ಇಡೀ ವರ್ಷ ಹೊಡೆದದ್ದು ಒಂದೇ ಗೋಲು. ಅವತ್ತು ನಾನು ಕೆಲಸದಲ್ಲಿದ್ದೆ. ಯಾರೋ ವಿಡಿಯೋ ಕಳಿಸಿದರು. ಚಿತ್ರ ಅಲುಗಾಡುತ್ತೆ, ಕೂಗಾಟವೇ ಜಾಸ್ತಿ. ದಾವಣಗೆರೆಯಲ್ಲಿ ಮಾವನವರು ಆಸ್ಪತ್ರೆ ಮಂಚದ ಮೇಲೆ ಎದ್ದು ಕೂತು ಅದನ್ನು ಎರಡು ಸಲ ನೋಡಿದರಂತೆ.

ಅವಳ ಸ್ಕೇಟು ಈಗ ಕಾಲಿಗೆ ಬಿಗಿ. ಹೊಸ ಲೇಸು ಹಾಕಿ ರಿಂಕಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಯಾವ ಮಗುವಿಗೆ ಸರಿಹೋಗುತ್ತೋ ಆ ಮಗು ಹಾಕಿಕೊಳ್ಳಲಿ.