ನಟಿಯರ ದನಿಗೂ ತಾಲೀಮು ಬೇಕು

ಧಾರಾವಾಹಿ ನಟಿಯೊಬ್ಬರು ಸಿನಿಮಾ ಹಾಗೂ ಗಾಯನಕ್ಕೆ ಕಾಲಿಡುತ್ತಿರುವ ವರದಿ ಓದಿ ಸಂತೋಷವಾಯಿತು; ಆದರೆ ಹಾಡಿಗಿಳಿಯುವ ಮೊದಲು ದನಿಗೆ ಕ್ರಮಬದ್ಧ ತಾಲೀಮು ಅಗತ್ಯ.

ಬಾಗಲಕೋಟೆ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬೈ ಚಿತ್ರರಂಗದಲ್ಲಿ ನಟನೆ, ಗಾಯನ ಎರಡರಲ್ಲೂ ಹೆಸರಾದವರು. ನಮ್ಮ ನೆಲಕ್ಕೆ ಇದು ಹೊಸದೇನಲ್ಲ. ಆದರೆ ಧಾರಾವಾಹಿಯಲ್ಲಿ ಎದೆಗೆ ಸಿಕ್ಕಿಸಿದ ಪುಟ್ಟ ಮೈಕಿಗೆ ಮೆಲುಮಾತೇ ಸಾಕು. ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ಬಾಯಿಂದ ಗೇಣು ದೂರದ ಮೈಕು ತುಂಡಾದ ಉಸಿರನ್ನೂ ಬಿಡದೆ ಹಿಡಿಯುತ್ತದೆ. ದಿನವಿಡೀ ಅಳುವ, ಕಿರುಚುವ ದೃಶ್ಯ ಮುಗಿಸಿ ರಾತ್ರಿ ಹಾಡಲು ನಿಂತರೆ ಧ್ವನಿತಂತುಗಳು ಊದಿಕೊಂಡಿರುತ್ತವೆ. ತಾರ ಷಡ್ಜದಲ್ಲಿ, ಅಂದರೆ ಮೇಲಿನ ‘ಸ’ ಸ್ವರದಲ್ಲಿ, ದನಿ ಒಡೆಯುತ್ತದೆ. ಶ್ರುತಿ ತಿದ್ದುವ ತಂತ್ರಾಂಶ ಸಣ್ಣ ತಪ್ಪು ಮುಚ್ಚೀತು, ಅತಿಯಾದರೆ ದನಿಗೆ ತಗಡಿನ ನಾದ ಬರುತ್ತದೆ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಬಾಗಲಕೋಟೆ, ವಿಜಯಪುರ, ಬೆಳಗಾವಿಯಲ್ಲಿ ವರ್ಷಕ್ಕೊಮ್ಮೆ 15 ದಿನಗಳ ಶಿಬಿರ ನಡೆಸಲಿ. ನಸುಕಿನಲ್ಲಿ 1 ಗಂಟೆ ಮಂದ್ರಸ್ಥಾಯಿಯ (ತಗ್ಗಿನ ಸ್ವರಗಳ) ಸಾಧನೆ, ಬಳಿಕ ರಂಗಗೀತೆ, ಸಂಜೆ ಮೈಕಿನ ಮುಂದೆ ಅಭ್ಯಾಸ ಇರಲಿ. ಕಲಿಸಲು ಮೈಕಿಲ್ಲದೆಯೂ ಕೊನೆಯ ಸಾಲಿಗೆ ದನಿ ಮುಟ್ಟಿಸಬಲ್ಲ ವೃತ್ತಿರಂಗಭೂಮಿಯ ಹಿರಿಯ ನಟಿಯರನ್ನೇ ಗೌರವಧನ ಕೊಟ್ಟು ಕರೆಯಲಿ. ಹಾಗಾದರೆ ನಮ್ಮ ಜವಾರಿ ಉಚ್ಚಾರವೂ ಉಳಿದೀತು.

– ಓದುಗರು, ಬಾಗಲಕೋಟೆ